ಜೇಬು ತಡಕುವ ಕೆಲಸ

ಇಸ್ತ್ರಿಗೆ ಬಂದ ಬಟ್ಟೆಯ ಜೇಬು ಮೊದಲು ತಡಕಬೇಕು.
ಈ ಅಂಗಡಿಯ ಕಾನೂನು ಅದು, ನಾನು ಬರುವ ಮೊದಲಿನದು.
ಶಾರ್ಜಾದ ರೋಲಾ, ಹಿಂದಿನ ಗಲ್ಲಿ,
ತಲೆಯ ಮೇಲೆ ಎ.ಸಿ.ಗಳು ತೊಟ್ಟಿಕ್ಕುವ ಕಡೆ;
ಒಳಗೆ ಹಬೆ, ಹೊರಗೆ ಆಗಸ್ಟ್.
ಸಿಕ್ಕಿದ್ದೆಲ್ಲ, ಪಾರ್ಕಿಂಗ್ ಚೀಟಿ, ಗುಂಡಿ, ಒಂಟಿ ದಿರ್ಹಮ್,
ಒಮ್ಮೆ ಟಿಶ್ಯೂವಿನಲ್ಲಿ ಸುತ್ತಿದ ಯಾವುದೋ ಮಗುವಿನ ಹಾಲುಹಲ್ಲು,
ಕವರಿಗೆ ಹಾಕಿ, ಬಿಲ್ಲಿನ ನಂಬರು ಬರೆದು
ಹ್ಯಾಂಗರಿಗೆ ಪಿನ್ನು ಹೊಡೆಯುತ್ತೇನೆ.
ಹನ್ನೊಂದು ವರ್ಷ. ಒಂದು ಫಿಲ್ಸೂ ಬೆರಳಿಗೆ ಅಂಟಿಲ್ಲ.
ಅಂಟಿದ್ದು ಸುಟ್ಟ ಕಲೆ.

ಹಾಗಾಗಿ ಮೊನ್ನೆ ಮೆಸೇಜು ಬಂದಾಗ
ಸಿಟ್ಟಿಗಿಂತ ಮೊದಲು ಬಂದದ್ದು ಬೆರಗು:
ಯಾರೋ ನನ್ನ ಜೇಬನ್ನೂ ತಡಕುತ್ತಿದ್ದಾರೆ!
ಇಪ್ಪತ್ತೈದು ದಿರ್ಹಮ್, ಮೇಲೆ ಒಂದೂಕಾಲು ತೆರಿಗೆ.
ಕವರಿಲ್ಲ, ಪಿನ್ನಿಲ್ಲ.

'ಮಿನಿಮಮ್ ಬ್ಯಾಲೆನ್ಸ್ ಮಾರಾಯ' ಎಂದ
ಡೆಲಿವರಿ ಗಾಡಿಯ ಇದಿನಬ್ಬ,
'ಮೂರು ಸಾವಿರ ಇರ್ಬೇಕು. ಇಲ್ಲದಿದ್ರೆ
ಇಲ್ಲದ್ದಕ್ಕೇ ಕಟ್ ಮಾಡ್ತಾರೆ.'

ಆರು ತಿಂಗಳ ಲೆಕ್ಕ ಪ್ರಿಂಟು ತೆಗೆಸಿದೆ.
ಮಡಿಸಿ ಮುದುಡಿತ್ತು; ಸಣ್ಣ ಬಿಸಿಯಲ್ಲಿ ಇಸ್ತ್ರಿ ಹೊಡೆದೆ.
ಸಪಾಟಾದ ಮೇಲೆ ಕಾಣಿಸಿತು, ನೆರಿಗೆಯಲ್ಲಿ ಅಡಗಿದ್ದು:
ಇಪ್ಪತ್ತಾರೂಕಾಲು, ಆರು ಸಲ.
ಸೂಪರ್‌ಮಾರ್ಕೆಟ್ಟಿನ ಪಕ್ಕದ ಬೇರೆ ಬ್ಯಾಂಕಿನ ಎ.ಟಿ.ಎಂ.,
ಎರಡು ದಿರ್ಹಮ್ ಹತ್ತು ಫಿಲ್ಸ್, ಒಂಬತ್ತು ಸಲ
(ನಮ್ಮದು ಎರಡು ಸಿಗ್ನಲ್ ಆಚೆ; ಬಿಸಿಲಿಗೆ ಹೆದರಿದ ದಂಡ).
ಊರಿಗೆ ದುಡ್ಡು ಕಳಿಸಿದ್ದಕ್ಕೆ ಹದಿನೈದು ಮುಕ್ಕಾಲು,
ತಿಂಗಳಿಗೆ ಎರಡು ಬಾರಿ, ಹನ್ನೆರಡು ಬಾರಿ.
ಒಟ್ಟು ಮುನ್ನೂರ ಅರವತ್ತೈದು ದಿರ್ಹಮ್ ನಲವತ್ತು ಫಿಲ್ಸ್.
ಅಂಗಿಗೆ ಎರಡರಂತೆ ನೂರ ಎಂಬತ್ತೆರಡು ಅಂಗಿ,
ಇನ್ನೊಂದರ ತೋಳೆರಡು, ಕಾಲರು.

ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು, ಅನ್ನುತ್ತಿದ್ದಳು ನನ್ನವ್ವ.
ಅವ್ವಾ, ನಾನು ಹನ್ನೆರಡು ತಾಸು ನಿಂತೇ ಇದ್ದೇನೆ.
ಕೂತು ಉಣ್ಣುತ್ತಿರುವವರು ಬೇರೆ.

ಟೋಕನ್ ಬಿ-ತೊಂಬತ್ತನಾಲ್ಕು. ಕೌಂಟರಿನಲ್ಲಿ ಶಮ್ಸಾ ಎಂಬ ಹುಡುಗಿ.
ಅಬಾಯಾದ ತೋಳಿನ ಗೆರೆ ನೋಡಿದೆ; ಒಳ್ಳೆಯ ಕೈ ಹೊಡೆದ ಇಸ್ತ್ರಿ.
ನನ್ನ ಹರಕು ಹಿಂದಿಯಲ್ಲಿ ಕೇಳಿದೆ, ಯಾಕೆ?
ಅವಳು ತಲೆಯೆತ್ತಿದ ರೀತಿ ನೋಡಿದರೆ
ಯಾರೂ ಹಾಗೆ ಕೇಳುವುದಿಲ್ಲವೇನೋ.

ಸಂಬಳ ಬೇರೆ ಕಾರ್ಡಿಗೆ ಬರುತ್ತದಲ್ಲ, ಎಂದಳು,
ಈ ಖಾತೆಗೇ ಬಂದರೆ ಮಿನಿಮಮ್ ಇಲ್ಲ.
ಮಾಲೀಕರಿಂದ ಒಂದು ಪತ್ರ, ಒಂದು ಸೀಲು, ಸಾಕು.
ಸಾಕು! ನಾಲ್ಕು ವರ್ಷದ ಹಿಂದೆ ಫ್ಲಾಸ್ಕು ಉಚಿತ ಕೊಟ್ಟು
ಖಾತೆ ಮಾಡಿಸಿದ ಹುಡುಗ ಈ ಮಾತು ನುಂಗಿದ್ದ.
ಫ್ಲಾಸ್ಕಿನಲ್ಲಿ ಚಹಾ ಎರಡು ತಾಸೂ ಬಿಸಿ ನಿಲ್ಲದು.

ಹೋದ ತಿಂಗಳದ್ದು ವಾಪಸು ಹಾಕುತ್ತೇನೆ, ಎಂದಳು,
ನೀವು ಕೇಳಿದಿರಲ್ಲ.
ಉಳಿದ ಐದು?
ಗಾಜಿನ ಕೋಣೆಯ ಕಡೆ ನೋಡಿದಳು. ಮುಂದಿನ ಟೋಕನ್ ಕೂಗಿತು.

ರಾತ್ರಿ ರಾಣೆಬೆನ್ನೂರಿಗೆ ಫೋನು.
ಇನ್ನು ತಿಂಗಳಿಗೆ ಒಂದೇ ಸಲ ಕಳಿಸುತ್ತೇನೆ ಪಾರಿ,
ಅರ್ಧ ಖರ್ಚು ಉಳಿಯುತ್ತದೆ.
ನನಗೆ ಶಭಾಸ್ ಬೇಕಿತ್ತು.
ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು,
'ಒಂದೇ ಸಲ ಬಂದ್ರ ಒಂದೇ ಸಲ ಹೋಗತೈತಿ.
ನಿಮ್ಮ ತಮ್ಮಗ ತಾರೀಕು ಗೊತ್ತೈತಿ.
ಎರಡನೇದ್ದು ಗೊತ್ತಿಲ್ಲ' ಎಂದಳು.

ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?
ಹದಿನೈದು ಮುಕ್ಕಾಲು: ಬೇಲಿಯ ಬಾಡಿಗೆ.
ಇರಲಿ, ಎರಡು ಸಲವೇ.
ಎ.ಟಿ.ಎಂ.ಗೆ ಮಾತ್ರ ಸಂಜೆ ತಂಪಾದ ಮೇಲೆ
ಎರಡು ಸಿಗ್ನಲ್ ನಡೆಯುತ್ತೇನೆ.

ಹಾಲುಹಲ್ಲಿಗೆ ಇನ್ನೂ ಯಾರೂ ಬಂದಿಲ್ಲ.
ಡ್ರಾಯರಿನಲ್ಲಿದೆ, ಮೂರು ವರ್ಷ, ನಂಬರಿನ ಸಮೇತ.
ಇಟ್ಟುಕೊಂಡಿದ್ದಕ್ಕೆ ನಾನೇನೂ ಹಿಡಿದಿಲ್ಲ.