ಕಟಿಂಗ್ ಮಾಸ್ಟರ್ ಓದಿದ ಎಂಬತ್ತೊಂಬತ್ತು

ಕೌಲ್ ಬಜಾರಿನ ನಮ್ಮ ಗಲ್ಲಿಗೆ ಲೋಕ ಬರುತ್ತಿದ್ದದ್ದು
ಮಿರ್ಚಿ ಕಟ್ಟಿದ ಕಾಗದವಾಗಿ, ಎರಡು ದಿನ ತಡವಾಗಿ,
ಎಣ್ಣೆ ಹೀರಿ.
ಅಪ್ಪ ಮಿರ್ಚಿ ನಮಗೆ ಕೊಟ್ಟು ಕಾಗದ ತಾನಿಟ್ಟುಕೊಳ್ಳುತ್ತಿದ್ದ.
ಟೇಬಲ್ಲಿನ ಮೇಲೆ ಹರವಿ, ಅಂಗೈಯಲ್ಲಿ ಸುಕ್ಕು ತೀಡಿ
ಬಟ್ಟೆಯಂತೆಯೇ ಓದುತ್ತಿದ್ದ: ಮೊದಲು ಹಾಸು, ಆಮೇಲೆ ಹೊಕ್ಕು.

ನನಗೆ ಹನ್ನೊಂದು. ನನ್ನ ಕೆಲಸ ದಾರ ಕತ್ತರಿಸುವುದು,
ಪ್ಯಾಂಟಿಗೆ ಐದು ಪೈಸೆ. ಉಗುರಿನ ಸಂದಿಯಲ್ಲಿ ಯಾವಾಗಲೂ ನೀಲಿ;
ಕಲಸಿದ ಅನ್ನವೂ ಒಂದು ಕಡೆ ನೀಲಿ.

ಜೂನಿನ ಕಾಗದದಲ್ಲಿ ಟ್ಯಾಂಕಿನ ಸಾಲು,
ಎದುರಿಗೆ ಒಬ್ಬ ಬಿಳಿ ಅಂಗಿಯವ, ಕೈಯಲ್ಲಿ ಚೀಲ.
ಗುಂಡಿ ಹಚ್ಚುತ್ತಿದ್ದ ಅವ್ವ ಬಾಗಿ ನೋಡಿದಳು:
‘ಸಂತಿಯಿಂದ ಬಂದಾನೇನು? ಮನ್ಯಾಗ ಯಾರರ ಕಾಯ್ತಿರಬೇಕು.’
ಆ ದಿನ ಅವಳು ಬೇರೆ ಮಾತಾಡಿದ ನೆನಪಿಲ್ಲ.

ನವೆಂಬರಿಗೆ ಗೋಡೆ ಬಿತ್ತು.
ಪುಟದ ತುಂಬ ಗೋಡೆಯ ಮೇಲೆ ಹುಡುಗರು,
ಎಣ್ಣೆಯ ಕಲೆಯಲ್ಲಿ ಅರ್ಧ ಮುಳುಗಿ.
ಒಬ್ಬ ಮಾತ್ರ ಇನ್ನೂ ಹತ್ತುತ್ತಿದ್ದಾನೆ, ನಮಗೆ ಬೆನ್ನು ಮಾಡಿ.
ಅಪ್ಪ ಭೂತಗನ್ನಡಿ ತಂದ. ತಲೆಬರಹ ಓದಲಿಲ್ಲ.
‘ಹಿಂದಿನ ಜೇಬು ನೋಡು. ಎರಡು ಹೊಲಿಗಿ, ನಡುವೆ ಕಾಲಿಂಚು.
ಮೂಲಿ ಸೊಟ್ಟ ಇಳಿಸ್ಯಾನ, ಬೇಕಂತಲೇ.’
ಹಳೇ ಕ್ಯಾಲೆಂಡರಿನ ಬೆನ್ನಿಗೆ ಆ ಜೇಬು ಬರೆದುಕೊಂಡ.
ಸಂಕ್ರಾಂತಿಯ ಹೊತ್ತಿಗೆ ಗಲ್ಲಿಯ ಹದಿನೇಳು ಮಷೀನು
ಬರ್ಲಿನ್ನಿನ ಯಾವನದೋ ಕುಂಡಿಯ ಅಳತೆಯನ್ನು
ಬಳ್ಳಾರಿ ಗುಡ್ಡದ ಬುಡದಲ್ಲಿ ಹೊಲಿಯುತ್ತಿದ್ದವು.

ಅದೇ ತಿಂಗಳು ಇಲ್ಲಿ ಎಲೆಕ್ಷನ್ನು.
ಡೆನಿಮ್ಮು ಮೂಲೆಗೆ ತಳ್ಳಿ ಬಾವುಟ ಹೊಲಿದೆವು,
ಯಾರು ಕೇಳಿದರೆ ಅವರ ಬಣ್ಣ.
ಐನೂರು ಕೆಂಪು ಹೇಳಿಹೋಗಿದ್ದ ಗಣಿ ಯೂನಿಯನ್ನಿನ ಹುಲುಗಪ್ಪ
ಸಂಡೂರಿನ ಲಾರಿ ಇಳಿದು ಬಂದ, ಹುಬ್ಬಿನವರೆಗೂ ಅದಿರು ಧೂಳು,
ಅವನೇ ಒಂದು ಬಾವುಟ.
‘ನೂರೈವತ್ತು ಸಾಕು ಮಾಸ್ಟರ್.’
ಅಪ್ಪ ಯಾಕೆಂದು ಕೇಳಲಿಲ್ಲ. ಟೇಬಲ್ಲಿನ ಕಾಗದ ಮೆಲ್ಲಗೆ ಮಡಚಿದ.
ಹುಲುಗಪ್ಪ ನೋಡಿಯಾಗಿತ್ತು.
‘ರೊಕ್ಕ ಇಲ್ಲ, ಅದಕ್ಕ,’ ಅಂದ. ‘ಬ್ಯಾರೆ ಏನೂ ಅಲ್ಲ.’
ಚಾ ಕುಡಿದು ಹೋಗುವಾಗ
ಲೋಟ ತಾನೇ ತೊಳೆದಿಟ್ಟ.

ಉಳಿದ ಕೆಂಪು ಎರಡು ಥಾನು.
ಚೂರು ಬಟ್ಟೆಯನ್ನೂ ಎಸೆಯುವ ಕುಲವಲ್ಲ ನಮ್ಮದು.
ಜೇಬಿನ ಒಳಪದರಿಗೆ ಹಾಕಿದೆವು.
ಗುಂತಕಲ್ಲಿನಲ್ಲೋ ಸೊಲ್ಲಾಪುರದಲ್ಲೋ ಚಿಲ್ಲರೆಗೆ ಕೈ ಇಳಿಸಿದವನು
ಮುಟ್ಟಿದ್ದೇನೆಂದು ಅರಿಯ.
ಎರಡು ಅಂಗಡಿಯಿಂದ ಮಾಲು ವಾಪಸ್ಸು ಬಂತು:
ಒಗೆದರೆ ಬಣ್ಣ ಬಿಡುತ್ತದಂತೆ, ತೊಡೆಗೆಲ್ಲ ಹತ್ತುತ್ತದಂತೆ.

ವರ್ಷದ ಕೊನೆಯ ಕಾಗದ.
ಟ್ಯಾಂಕಿನ ಮೇಲೆ ಈಗ ಜನವೇ ಹತ್ತಿದ್ದರು.
ಜನರ ನಡುವೆ ಒಂದು ಬಾವುಟ, ಬಾವುಟದ ನಡುವೆ ತೂತು.
ಲಾಂಛನ ಇದ್ದ ಜಾಗ. ಅದರೊಳಗಿಂದ
ಎದುರು ಮನೆಯ ಕಿಟಕಿ ಕಾಣುತ್ತಿತ್ತು.
ಕಪ್ಪುಬಿಳುಪಿನಲ್ಲಿ ಬಣ್ಣ ಯಾವುದೆಂದು ತಿಳಿಯಲಿಲ್ಲ.
ಅಪ್ಪ ಇದನ್ನು ಬಹಳ ಹೊತ್ತು ನೋಡಿದ.
ಕರೆಂಟು ಹೋಯಿತು. ಕಂದೀಲು ಹಚ್ಚಿಸಿ ನೋಡಿದ.
‘ಕತ್ತರಿ ಅಲ್ಲ, ಚಾಕು. ಅವಸರದಾಗ ಹರದಾರ. ದುಂಡಗ ಬಂದಿಲ್ಲ.’
ಆಮೇಲೆ, ಗಿರಾಕಿಗೆ ಹೇಳುವ ದನಿಯಲ್ಲಿ:
‘ಸುತ್ತ ಅಂಚು ಹೊಲಿಬೇಕು. ಇಲ್ಲಂದ್ರ ಎಳಿ ಬಿಡತೈತಿ,
ತೂತೇ ಬೆಳಕೋಂತ ಹೋಗತೈತಿ.’

ಯಾರಿಗೆ ಹೇಳಿದನೋ. ನನ್ನ ಕೈಯಲ್ಲಿ ಕತ್ತರಿ ಇತ್ತು.
ಆ ರಾತ್ರಿಯ ನನ್ನ ಲೆಕ್ಕ ನಲವತ್ತು ಪ್ಯಾಂಟು, ಎರಡು ರೂಪಾಯಿ.
ಅವ್ವ ಎಣಿಸಿ ಕೊಟ್ಟಳು,
ನಾಳೆ ಮಿರ್ಚಿ ತಾ ಅಂತ.