ತಳ ತಿರುಗಿಸಿ ನೋಡುವುದು

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಮೂವತ್ತೊಂದು ವರ್ಷ
ತೂಕದ ಬಟ್ಟುಗಳ ತಳ ತಿರುಗಿಸಿ ನೋಡಿದವಳು ನಾನು.
ಮೇಲೆ ‘ಒಂದು ಕಿಲೋ’ ಎಂದು ಉಬ್ಬಕ್ಷರ,
ಕೆಳಗೊಂದು ಗುಳಿ, ಗುಳಿಯಲ್ಲಿ ಸೀಸ,
ಸೀಸದ ಮೇಲೆ ಸರ್ಕಾರದ ಮುದ್ರೆ.
ಸೀಸ ಕೆರೆದು ಅರಗು ತುಂಬಿದವರಿದ್ದರು,
ಅರಗಿಗೆ ಮಸಿ ಬಳಿದವರೂ.
ಕಣ್ಣಿಗೆ ಎರಡೂ ಒಂದೇ. ಉಗುರಿಗೆ ಅಲ್ಲ.

ಈಗ ಪಿಂಚಣಿ. ಈಗ ದುರ್ಗಿಗುಡಿಯಲ್ಲಿ
ಹೊಲಿಗೆ ಹೆಂಗಸರ ಉಳಿತಾಯ ಸಂಘದ ಲೆಕ್ಕ ನೋಡುತ್ತೇನೆ.
ಲೆಕ್ಕ ಅಂದರೆ ಪುಸ್ತಕವಲ್ಲ, ಸರ್ವರ್.
ಎಲ್ಲಿದೆಯಪ್ಪಾ ಅದು ಅಂದರೆ
ಕಂಪನಿಯ ಹುಡುಗ ಮೇಲಕ್ಕೆ ಕೈ ಮಾಡುತ್ತಾನೆ,
ಫ್ಯಾನು ತಿರುಗುವ ಕಡೆ.

‘ಮುಚ್ಚುಮರೆ ಇಲ್ಲ ಮೇಡಂ,
ಸೋರ್ಸ್ ಕೋಡ್ ಪೂರಾ ಹೊರಗಿಟ್ಟಿದ್ದೇವೆ,
ಬಡ್ಡಿ ಹೇಗೆ ಹಾಕುತ್ತೇವೆ, ಪೈಸೆ ಎಲ್ಲಿ ಮುರಿಯುತ್ತೇವೆ,
ಯಾರು ಬೇಕಾದರೂ ಓದಲಿ.’
ಓದಿಸಿದೆ.
ಕಾಜಾ ಹೊಲಿಯುವ ಖೈರುನ್ನೀಸಾಳ ಮೊಮ್ಮಗಳು ಮುಬೀನಾ
ಪಾಲಿಟೆಕ್ನಿಕ್ಕಿನಲ್ಲಿ ಎರಡನೇ ವರ್ಷ.
ಅರ್ಧ ರೂಪಾಯಿ ಮುಟ್ಟಿದರೆ ಮೇಲಕ್ಕೆ, ಸದಸ್ಯರ ಪಾಲಿಗೆ,
ಹಾಗಂತ ಬರೆದಿದೆ, ಅಜ್ಜಿಗೂ ಅರ್ಥವಾಗುವಷ್ಟು ನೇರ.
ಬರೆದದ್ದು ಸರಿ ಮಗಾ,
ಬರೆದದ್ದೇ ಓಡುತ್ತಿದೆಯಾ?

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.
ಬದನೆಕಾಯಿಯ ಮೇಲೆ ನನಗೆ ಸಿಟ್ಟಿಲ್ಲ,
ತಟ್ಟೆ ತೋರಿಸಲಿ.

ಮುಬೀನಾ ಅಂದಳು: ಅವರು ಕೊಟ್ಟ ಬರಹದಿಂದ
ನಾವೇ ಇಲ್ಲೊಮ್ಮೆ ಕಟ್ಟೋಣ ಆಂಟಿ.
ಕಟ್ಟಿದ್ದರ ಬೆರಳಚ್ಚು ತೆಗೆದರೆ ಅರವತ್ತನಾಲ್ಕು ಅಕ್ಷರ.
ಒಂದು ಅಲ್ಪವಿರಾಮ ಆಚೀಚೆ ಆದರೂ
ಅರವತ್ತನಾಲ್ಕೂ ಬೇರೆ ಮುಖ ಹಾಕುತ್ತವೆ.

ಬಟ್ಟೆ ಕತ್ತರಿಸುವ ಮೇಜಿನ ಮೇಲೆ,
ಸೀಮೆಸುಣ್ಣದ ಪುಡಿಯ ನಡುವೆ, ಹಳೆಯ ಲ್ಯಾಪ್‌ಟಾಪು
ಉಸಿರು ಕಟ್ಟಿ ಕಟ್ಟಿತು.
ಹೊಂದಲಿಲ್ಲ.
ಆ ರಾತ್ರಿ ಮನಸ್ಸಿನಲ್ಲೇ ನಾನು
ಕಂಪನಿಯ ಬಾಗಿಲಿಗೆ ಬೀಗ ಜಡಿದು, ಅರಗು ಹಾಕಿ,
ಪಂಚನಾಮೆಗೆ ಸಹಿಯನ್ನೂ ತೆಗೆದುಕೊಂಡೆ.

ಮೂರನೆಯ ದಿನ ಮುಬೀನಾ ನಗುತ್ತ ಬಂದಳು.
ಕಳ್ಳ ಸಿಕ್ಕಿದ, ಗಡಿಯಾರ!
ಕಟ್ಟಿದ ಗಳಿಗೆಯನ್ನು ಅದು ಸುಮ್ಮನೆ
ತನ್ನ ಹೊಟ್ಟೆಯೊಳಗೆ ಬರೆದುಕೊಳ್ಳುತ್ತಿತ್ತಂತೆ.
ನಾವು ಮಂಗಳವಾರ ಕಟ್ಟಿದೆವು, ಅವರು ಶನಿವಾರ.
ಎಲ್ಲರೂ ಒಂದೇ ತಾರೀಖು ಕೊಡೋಣ ಅಂತಾಯಿತು.
ಭದ್ರಾವತಿಯಲ್ಲಿ ಅವಳ ಸಹಪಾಠಿ ತೀರ್ಥೇಶ ಬೇರೆ ಕಟ್ಟಿದ.
ಫೋನಿನಲ್ಲಿ ಓದಿದರು: ಏಳು, ಎಫ್, ಸೊನ್ನೆ, ಸೊನ್ನೆ, ಮೂರು...
ಖೈರುನ್ನೀಸಾ ಮೆಷಿನ್ನಿನ ಚಕ್ರಕ್ಕೆ ಕೈ ಒತ್ತಿ ನಿಲ್ಲಿಸಿ
ಅರ್ಥವಾಗದಿದ್ದರೂ ಕೊನೆಯತನಕ ಕೇಳಿದಳು.
ಹೊಂದಿತು.
ಸರ್ವರನ್ನು ಕೇಳಿದೆವು. ಅದೂ ಅದನ್ನೇ ಹೇಳಿತು.

ಹೇಳಿತು.
ಅಲ್ಲೇ ನನ್ನ ಉಗುರು ತಡೆಯಿತು.
ತಕ್ಕಡಿಯನ್ನೇ ಕರೆದು ‘ನೀನು ನೆಟ್ಟಗಿದ್ದೀಯಾ’ ಅಂದರೆ
ಇಲ್ಲ ಅನ್ನುವ ತಕ್ಕಡಿಯನ್ನು
ಈ ಬಜಾರಿನಲ್ಲಿ ನಾನಂತೂ ಕಂಡಿಲ್ಲ.
ಒಳಗೊಂದು ಚಿಪ್ಪು ಇರುತ್ತದೆ ಆಂಟಿ, ಅದು ಸಾಕ್ಷಿ ಹಾಕುತ್ತದೆ.
ಚಿಪ್ಪು ಮಾಡಿದವರು?
ಇನ್ನೊಂದು ಕಂಪನಿ.
ಅವರನ್ನು ನೋಡುವವರು?
ಮುಬೀನಾ ಸೂಜಿಗೆ ದಾರ ಪೋಣಿಸತೊಡಗಿದಳು.

ನಮ್ಮ ಕಚೇರಿಯಲ್ಲೂ ಇತ್ತು, ಮಖಮಲ್ಲಿನ ಪೆಟ್ಟಿಗೆ,
ಅದರೊಳಗೆ ಹಿತ್ತಾಳೆಯ ಬಟ್ಟುಗಳು, ಬರಿಗೈಯಲ್ಲಿ ಮುಟ್ಟುವಂತಿಲ್ಲ.
ಊರನ್ನು ಅವುಗಳಿಂದ ತೂಗಿದೆ.
ಅವನ್ನು ತೂಗಲು ಮೇಲಿನ ಕಚೇರಿ,
ಮೇಲಿನದನ್ನು ತೂಗಲು ಇನ್ನೂ ಮೇಲಿನದು.
ಕಟ್ಟಕಡೆಯ ಬಟ್ಟನ್ನು ಯಾರು ತೂಗುತ್ತಾರೆ ಅಂತ
ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ.
ದಂಡ ಮಾತ್ರ ಹಾಕಿದೆ. ನೆನೆದರೆ ಈಗ ಕಿವಿ ಬಿಸಿಯಾಗುತ್ತದೆ.

ಖೈರುನ್ನೀಸಾ ಅಂದಳು, ನೀವು ಮಾತಾಡಿಕೊಳ್ಳಿ,
ನನ್ನ ಬಡ್ಡಿ ನಾನು ಚೀಟಿಯಲ್ಲಿ ಬರೆದಿಟ್ಟಿದ್ದೀನಿ,
ಇಲ್ಲಿಯವರೆಗೆ ತಾಳೆಯಾಗಿದೆ.

ಚಿಪ್ಪಿನ ಸಾಕ್ಷಿ ಮುಂದಿನ ವರ್ಷ ಅಂದಿದೆ ಕಂಪನಿ.
ಅಲ್ಲಿಯತನಕ ತಿಂಗಳ ಮೊದಲ ಸೋಮವಾರ
ಮುಬೀನಾ ಕಟ್ಟುತ್ತಾಳೆ, ಓದುತ್ತಾಳೆ.
ನಾನು ಕನ್ನಡಕ ಒರೆಸಿಕೊಂಡು
ಅಕ್ಷರಕ್ಕೊಂದು ಗೀಟು ಹಾಕುತ್ತೇನೆ.
ನಲವತ್ತರ ಹತ್ತಿರ ಯಾವಾಗಲೂ ಒಂದು ಕಡೆ ನಿಲ್ಲಿಸುತ್ತೇನೆ:
ತಡಿ,
ಬಿ ಅಂದೆಯಾ, ಡಿ ಅಂದೆಯಾ?
ಇನ್ನೊಮ್ಮೆ ಹೇಳು.