ಪಕ್ಕಾ ಬಣ್ಣ

ಸೋಲಾಪುರದ ಅಕ್ಕಲಕೋಟ ರೋಡಿನ ಕಾರ್ಖಾನಿಗೆ
ನಾಕು ಸಾವಿರ ಟಾವೆಲ್ಲಿನ ಆರ್ಡರ್ ಬಂತು,
ಕೂಸುಗಳ ಮಾರಿ ಒರಸೂವಂಥಾವು, ಮೊಳ ಉದ್ದ, ಗೇಣು ಅಗಲ.
ಒಂದೊಂದರ ಮ್ಯಾಲ ಒಂದೊಂದು ಡೈನೋಸಾರ್.
ಚಿತ್ರ ಬಂದದ, ಪೆನ್ಸಿಲ್ ಗೆರಿ ಅಷ್ಟ.
ಬಣ್ಣದ ಮನಿ ಖಾಲಿ.
ಶೇಟ್ ಮುಂಬಯಿಗೆ ಹೋಗ್ಯಾನ, ಫೋನು ಎತ್ತವಲ್ಲ.
ಸೋಮವಾರದೊಳಗ ಹಂಡೆ ಏರಬೇಕು.

ನಮ್ಮವರು ಆ ಕಾಗದ ಮನಿಗೆ ತಂದ್ರು.
(ಹೆಸರು ನಾ ಹೇಳಂಗಿಲ್ಲ. ಓಣಿ ಎಲ್ಲ ರಂಗಿನ ಮಾಸ್ತರ ಅಂತದ.)
ರೊಟ್ಟಿ ತಾಟಿನ ಬಾಜೂಕ ಇಟ್ಟು ಕುಂತ್ರು.
ಮೂವತ್ತು ವರ್ಷದಾಗ ಮೊದಲನೇ ಸಲ
ನಮೂನಾದ ತುಂಡಿಲ್ಲದ ಬಣ್ಣ ಕೇಳ್ಯಾರ.

ಮಗ್ಗದ ಅಂಬಾದಾಸ ಅಂದಿದ್ದ: ಹಸರು.
ಆಟಗಿ ಸಾಮಾನದಾಗ ಹಸರಽ ಇರ್ತಾವ.
ಘಡಿ ಹಾಕೋ ಶಮಶಾದಬಿ ಅಂದಿದ್ಲು: ಬೂದಿ, ಆನಿ ಹಂಗ.
ಅಷ್ಟು ದೊಡ್ಡ ಮೈಗೆ ಬ್ಯಾರೆ ಬಣ್ಣ
ಯಾರ ಹಂಡೇದಾಗ ಸಾಕಾದೀತು?

ನಮ್ಮ ಅಕ್ಕನ ಮಗಳು ಮುಕ್ತಾ, ಎಂಟನೇತ್ತಾ ಓದಾಕಿ,
ಉಳ್ಳಾಗಡ್ಡಿ ಹೆಚ್ಚಿಕೋತ ಹೇಳಿದ್ಲು:
ಕೆಲವಕ್ಕ ಪುಕ್ಕ ಇದ್ವಂತ, ಕೋಳಿಗತೆ.
ಪುಕ್ಕ ಕಲ್ಲಾಗ್ಯಾವ, ಕಲ್ಲಿನಾಗ ಬಣ್ಣದ ಕಾಳು ಉಳದಾವ,
ಬರೇ ಕಣ್ಣಿಗೆ ಕಾಣಲಾರದಷ್ಟು ಸಣ್ಣು.
ಒಂದರ ಬಾಲ ಇಟ್ಟಂಗಿ ಕೆಂಪು, ನಡುನಡುವ ಬಿಳಿ ಬಳಿ.
ಇನ್ನೊಂದು ಕಾಗಿ ಕಪ್ಪು, ಬಿಸಲಿಗೆ ನೀಲಿ ಹೊಡೀತಿತ್ತು.
ಎಷ್ಟು ವರ್ಷದ ಮಾತು?
ಹನ್ನೆರಡು ಕೋಟಿ, ಕಾಕಾ.

ನಮ್ಮವರ ಕೈಯಾನ ತುತ್ತು ಅಲ್ಲೇ ನಿಂತ್ತು.
ಹನ್ನೆರಡು ಕೋಟಿ ವರ್ಷ ಮಣ್ಣಾಗ ಬಿದ್ರೂ ಬಿಡದಂಥಾ ಕೆಂಪು!
ಉಪ್ಪು ಎಷ್ಟು ಹಾಕಿದ್ರೋ, ಕಾವು ಎಷ್ಟಿತ್ತೋ.
ನಂದು ಮೂರನೇ ಒಗತಕ್ಕ ಬಿಡ್ತದಂತ
ಪುಣೆದಿಂದ ತಕರಾರು ಬರ್ತಾವ.

ಪುಕ್ಕ ಇಲ್ಲದವು? ಅಂತ ನಾ ಕೇಳಿದೆ.
ಭಾಳಷ್ಟು ಗೊತ್ತಿಲ್ಲ ಚಿಕ್ಕವ್ವ. ಎಲುಬು ಸಿಕ್ಕಾವ.
ಎಲುಬು ಬಣ್ಣ ಹೇಳಂಗಿಲ್ಲ.

ನಾ ಅವರ ಕೈ ನೋಡಿದೆ.
ಉಗುರು ಸಂದಿ ನೀಲಿ ಇದ್ರ ಮಂಗಳವಾರದ ಚಾದರ.
ಮೊಣಕೈತನಾ ಹಳದಿ ಏರಿದ್ರ ಲಗ್ನದ ಹಂಗಾಮು.
ದೀಪಾವಳಿ ಮುಂದ ಅಂಗೈ ಕೆಂಪು.
ಮದಿವಿಯಾದ ವರ್ಷ ಆ ಕೈ ತಾಗಿ
ನನ್ನ ಬಿಳಿ ಕುಬಸದ ಬೆನ್ನಿಗೆ ಐದು ಬಟ್ಟು ಮೂಡಿದ್ವು,
ಅತ್ತಿ ನೋಡಿ ಸೆರಗು ಬಾಯಿಗಿಟ್ಟಿದ್ಲು.
ನಾಳೆ ಯಾವ ಮಣ್ಣು ಅಗದು ಯಾರು ನೋಡಿದ್ರೂ
ಇವರೂ ಬಿಳಿ ಎಲುಬಽ.

ರವಿವಾರ ರಾತ್ರಿ ಹಂಡೆ ಏರ್ತು.
ಯಾರನ್ನೂ ಕೇಳಲಿಲ್ಲ. ಇಟ್ಟಂಗಿ ಕೆಂಪು, ಬಿಳಿ ಬಳಿ.
ಇಪ್ಪತ್ತು ನಮೂನಾ ನೇಯಿಸಿದ್ರು, ಅಂಚು ನಾನಽ ಹೊಲದೆ.
ಬುಧವಾರ ಫೋನು ಬಂತು: ಹಸರು ಮಾಡ್ರಿ, ಗಿಳಿ ಹಸರು.
ಮಾಡಿದ್ರು. ನಾಕು ಸಾವಿರ.
ಅಂಬಾದಾಸ ಒಂದು ವಾರ ಎದಿ ಉಬ್ಬಿಸಿ ಅಡ್ಡಾಡಿದ.

ಇಪ್ಪತ್ತು ಕೆಂಪು ನಮ್ಮ ಮನ್ಯಾಗ ಉಳದಾವ.
ಒಂದು ಒಗದು ಹಿತ್ತಲ ಕರಿಕಲ್ಲಿನ ಗ್ವಾಡಿಮ್ಯಾಲ ಹರವೀನಿ.
ಈ ಕಲ್ಲು ಬೆಂಕಿಯಾಗಿ ಹರದಿತ್ತಂತ,
ಅವು ತೀರಿಹೋದ ದಿನಮಾನದಾಗ. ಅದೂ ಮುಕ್ತಾ ಹೇಳಿದ್ದು.
ತುದಿಯಿಂದ ಕೆಂಪು ನೀರು ತೊಟ್ಟಿಕ್ಕತಾವ.
ಮೂರನೇ ಒಗತ.
ಬಾಜೂ ಮನಿ ಶಮಶಾದಬಿಯ ಹುಂಜ ಬಂದು
ತಲಿ ವಾರಿ ಮಾಡಿ ನೋಡ್ತದ.
ಬಾಲ ಇಟ್ಟಂಗಿ ಕೆಂಪು, ಅದರಾಗ ಒಂದು ಬಿಳಿ ಗರಿ.
ಹಸಿ ಕಲ್ಲು ಒಮ್ಮೆ ಕುಟುಕಿ
ಹಾಂಗಽ ಮುಂದ ಹೋಗ್ತದ.